ಬಡಿದರೂ ಮುಚ್ಚಿರುತ್ತದೆ

ಹನ್ನೊಂದು ಗಂಟೆಗೆ ಮೊದಲ ಅಭಿಪ್ರಾಯ ಬಂತು. ಅದನ್ನು ಓದುವ ಮೊದಲು ಶಾರ್ದೂಲ ಮೋಡಕ ಎದ್ದು ಹೋಗಿ ಕೈ ತೊಳೆದುಕೊಂಡ. ಕೈಗೆ ಏನೂ ಮೆತ್ತಿರಲಿಲ್ಲ. ನಾರಾಯಣ ಪೇಠೆಯ ಡೈರಿಯ ಮೇಲಿನ ಆ ಒಂಟಿ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದ ಗೌತಮಿ, ಅವನು ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿಕೊಳ್ಳುವುದನ್ನು ನೋಡಿ, 'ಪರೀಕ್ಷಾ ಬರಿಯಾಕ ಹೊಂಟೀಯೇನೋ ಶಾರ್ದ್ಯಾ?' ಎಂದಳು. ಅವಳು ಕೊಲ್ಹಾಪುರದವಳು, ಬಾಯಿಗೆ ಬಂದದ್ದನ್ನು ನುಂಗುವ ಅಭ್ಯಾಸವಿಲ್ಲ. ಕೆಳಗೆ ಹಾಲಿನ ಕ್ಯಾನುಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು. ಅವನು ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದ.

'ಮೂಲಂಗಿ ಬರದಾನ. ಓದ್ಲೇನು?'

'ನಾನ ಓದ್ಕೋತೀನಿ.'

'ನೀ ಓದಿದ್ರ ಒಬ್ಬನ ಓದಿ ಒಬ್ಬನ ಸಾಯ್ತಿ. ಕೇಳು.' ತನ್ನನ್ನು ಹಸಿ ಮೂಲಂಗಿ ಎಂದು ಕರೆದುಕೊಳ್ಳುವ ಈ ಮನುಷ್ಯ ಪೋಲೆಂಡಿನ ಯಾವುದೋ ಊರಿನವನು. ಶಾರ್ದೂಲ, ಗೌತಮಿ ಸೇರಿ ಮಾಡಿದ ಫೋನಿನ ಆಟದಲ್ಲಿ ಮೂರು ಸಾವಿರ ಸಲ ಬಿದ್ದು ಅದನ್ನೊಂದು ಬಿರುದಿನಂತೆ ಹೆಸರಿನ ಪಕ್ಕ ಹಾಕಿಕೊಂಡಿದ್ದ. ಗೌತಮಿ ಓದಿದಳು: 'ಹೊಸ ಆವೃತ್ತಿ ಹಾಕಿಕೊಂಡೆ. ಆರು ಸಲ ಬಿದ್ದೆ. ಪಾಟಿ ಅಜ್ಜನಿಗೆ ಆರೋಗ್ಯ ಸರಿಯಿಲ್ಲವೇ?'

ಪಾಟಿ ಅಜ್ಜ. ಆ ಹೆಸರನ್ನು ಕೇಳಿದಾಗಲೆಲ್ಲ ಶಾರ್ದೂಲನ ಕಿವಿಯ ಹಿಂದೆ ಬಿಸಿಯಾಗುತ್ತಿತ್ತು. ನಾಲ್ಕು ವರ್ಷ ಹಗಲೆಲ್ಲ ಕೂತು ಮಾಡಿದ ಆಟ. ಗೋದು ಆಜಿ ಎಂಬ ಮುದುಕಿ ಒಂದು ಸ್ಟೀಲಿನ ಬಟ್ಟಲು ಹಿಡಿದು, ಕುಸಿಯುತ್ತಿರುವ ಹಳೆಯ ವಾಡೆಯೊಂದರ ನಾಲ್ಕು ಅಂತಸ್ತು ಹತ್ತಿ, ಮೇಲಿನ ಮನೆಯವರಿಗೆ ಅವರ ಬಟ್ಟಲನ್ನು ಹಿಂದಿರುಗಿಸಬೇಕು. ಬಂದ ಬಟ್ಟಲನ್ನು ಖಾಲಿ ಕೊಡುವಂತಿಲ್ಲ, ಆದ್ದರಿಂದ ಅದರಲ್ಲಿ ಬೇಳೆಯ ಆಮಟಿ. ಜಿಗಿತ ಒಂದು ಕೂದಲು ತಪ್ಪಿದರೆ ಆಮಟಿ ಚೆಲ್ಲುತ್ತದೆ. ಬಟ್ಟಲು ಬರಿದಾದರೆ ಮುದುಕಿ ಮತ್ತೆ ಕೆಳಗಿನ ಅಂಗಳಕ್ಕೆ. ಚಿತ್ರ, ಸದ್ದು ಎಲ್ಲ ಗೌತಮಿಯದು. ಜಿಗಿತಗಳು ಅವನವು. ಯಾವ ಮೆಟ್ಟಿಲು ಎಷ್ಟು ಓರೆಯಾಗಬೇಕು, ಬಟ್ಟಲಿನ ಸಾರು ಎಷ್ಟು ತಡವಾಗಿ ತುಳುಕಬೇಕು, ಬೆರಳು ತಪ್ಪು ಮಾಡಿದ್ದು ಬೆರಳಿಗೇ ತಿಳಿಯುವ ಆ ಕ್ಷಣ ಎಲ್ಲಿ ಬರಬೇಕು, ಇದನ್ನು ಅಳೆದು ಅಳೆದು ಅವನ ಕಣ್ಣಿನ ಕೆಳಗೆ ಚೀಲ ಬಂದಿತ್ತು. ಮೂರನೆಯ ಅಂತಸ್ತಿನ ತೂಗುವ ಕಟಾಂಜನ ಒಂದಕ್ಕೇ ಏಳು ತಿಂಗಳು ಹಿಡಿದಿತ್ತು. ಆಡಿದವರಲ್ಲಿ ನೂರಕ್ಕೆ ಇಬ್ಬರು ಮಾತ್ರ ಮೇಲೆ ಮುಟ್ಟಿದ್ದರು. ಅಲ್ಲಿ ಬಾಗಿಲು ತೆರೆದು, ಬಳೆ ಹಾಕಿದ ಒಂದು ಕೈ ಬಂದು, ಮಾತಿಲ್ಲದೆ ಬಟ್ಟಲು ತೆಗೆದುಕೊಳ್ಳುತ್ತದೆ. ಆ ಕೈ ಚಾಚುವ ರೀತಿಗಾಗಿ ಅವನು ಮೂರು ವಾರ ಕೆಲಸ ಮಾಡಿದ್ದ. ಅದರ ಬಗ್ಗೆ ಜಗತ್ತಿನಲ್ಲಿ ಒಬ್ಬನೇ ಒಬ್ಬ ಬರೆದಿದ್ದ: 'ಕೊನೆಯಲ್ಲಿ ಪಾಟಿ ಇಲ್ಲ. ನಿರಾಶೆ.'

ಏಕೆಂದರೆ ಬಿದ್ದಾಗಲೆಲ್ಲ ಗೋಡೆಯ ಮೇಲೊಂದು ಪಾಟಿ ಮೂಡುತ್ತಿತ್ತು. ಪುಣೆಯ ಪೇಠೆಗಳಲ್ಲಿ ಮನೆ, ಅಂಗಡಿ, ಗೇಟುಗಳ ಮೇಲೆ ನೇತಾಡುವಂಥದೇ ಮರದ ಹಲಗೆ, ಅದರ ಮೇಲೆ ಒಂದು ಸಾಲು. 'ಮೆಟ್ಟಿಲು ಇನ್ನೂರು ವರ್ಷದಿಂದ ಇಲ್ಲೇ ಇದೆ. ನೀವು ಇವತ್ತು ಬಂದಿದ್ದೀರಿ.' 'ಬಿದ್ದದ್ದನ್ನು ನೋಡಿದೆವು. ಏಳುವುದನ್ನು ನೋಡಲು ಪುರುಸೊತ್ತಿಲ್ಲ.' ಒಟ್ಟು ನೂರ ನಲವತ್ಮೂರು. ಶಾರ್ದೂಲ ಅವುಗಳನ್ನು ಉಪ್ಪಿನಕಾಯಿಯ ಹಾಗೆ ಪಕ್ಕಕ್ಕೆ ಬಡಿಸಿದ್ದ, ಜನ ಅದನ್ನೇ ಊಟ ಮಾಡಿದರು. ಪಾಟಿಗಳ ಪಟ್ಟಿ ಮಾಡಿದರು, ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು, ಬರೆದವನೊಬ್ಬ ಮುದುಕನೇ ಇರಬೇಕೆಂದು ತಾವೇ ನಿರ್ಧರಿಸಿ ಅವನಿಗೊಂದು ಮುಖವನ್ನೂ ಬರೆದರು. ಬೋಳು ತಲೆ, ಹಣೆಯ ಮೇಲೆ ಕನ್ನಡಕ. ಕೊನೆಗೆ ಬೇಕೆಂದೇ ಬೀಳತೊಡಗಿದರು; ಇದು ಗೊತ್ತಾದ ದಿನ ಶಾರ್ದೂಲ ಊಟ ಬಿಟ್ಟಿದ್ದ. ಹತ್ತುವ ಗೊಡವೆಗೇ ಹೋಗದೆ ಮೊದಲ ಮೆಟ್ಟಿಲಿನಿಂದ ಮುದುಕಿಯನ್ನು ದೂಡಿ, ಪಾಟಿ ಓದಿ, ಮತ್ತೆ ದೂಡುವುದು. ಕಟಾಂಜನದವರೆಗೆ ಹೋಗುವ ಬೆರಳುಳ್ಳವರೂ ಹಾಗೇ ಮಾಡುತ್ತಿದ್ದರು. ಮನೆ ಕಟ್ಟಿದವನನ್ನು ಹೊರಗೆ ನಿಲ್ಲಿಸಿ ಎಲ್ಲರೂ ಹೆಸರಿನ ಫಲಕವನ್ನು ಹೊಗಳುತ್ತಿದ್ದರು.

ಮತ್ತು ಆ ಸಾಲುಗಳು ಅವನವಲ್ಲ.

ಇದು ಗೌತಮಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಒಂದು ಪತ್ರಿಕೆಯವರು ಫೋನು ಮಾಡಿ, ಇಷ್ಟು ಚುರುಕಾಗಿ ಬರೆದವರು ಯಾರು ಎಂದು ಕೇಳಿದಾಗ ಅವನು, 'ನಾನೇ. ನಮ್ಮ ಪೇಠೆಯ ಗಾಳಿಯೇ ಹಾಗೆ' ಎಂದಿದ್ದ. ಹೇಳುವಾಗ ನಾಲಿಗೆ ತಡವರಿಸಿರಲಿಲ್ಲ. ಅದೇ ಈಗ ನೆನೆದರೆ ನಾಚಿಕೆ. ಅವು ಅಪ್ಪನವು. ಸದಾಶಿವ ಪೇಠೆಯ ಆರಡಿ ಅಗಲದ ಅಂಗಡಿಯಲ್ಲಿ ನಲವತ್ತೆಂಟು ವರ್ಷದಿಂದ ಮಸಿಪೆನ್ನು ರಿಪೇರಿ ಮಾಡುತ್ತ ಬಂದಿದ್ದ ನರಹರ ಮೋಡಕರವು, ಊರಿಗೆಲ್ಲ ನಾನಾ ಆದವರವು. ಶಾರ್ದೂಲನಿಗೆ ಒಂಬತ್ತು ವರ್ಷವಿದ್ದಾಗ, ಹನ್ನೊಂದು ಬಿಡಾರಗಳಿದ್ದ ವಾಡೆಯಲ್ಲಿ, ಆಯಿ ಕೊಟ್ಟ ಆಮಟಿಯ ಬಟ್ಟಲು ಹಿಡಿದು ಮೇಲಿನ ಲೇಲೆ ಕಾಕೂಗೆ ಕೊಡಲು ಓಡಿದವನು ಎರಡನೆಯ ತಿರುವಿನಲ್ಲಿ ಮುಗ್ಗರಿಸಿದ್ದ. ಎಡ ಮೊಣಕಾಲು ಬಾಯಿ ಬಿಟ್ಟಿತ್ತು. ಮೇಲಿನ ಗ್ಯಾಲರಿಯಿಂದ ನಾನಾ ಬಗ್ಗಿ ನೋಡಿ, ಅವಸರವಿಲ್ಲದ ದನಿಯಲ್ಲಿ, 'ಮೆಟ್ಟಿಲಿಗೆ ಆಮಟಿ ಬಡಿಸಿದಿ. ಅನ್ನ ಯಾರು ಬಡಿಸಬೇಕು?' ಎಂದಿದ್ದರು. ಹನ್ನೊಂದು ಬಾಗಿಲುಗಳಿಂದಲೂ ನಗು ಬಂತು. ಲೇಲೆ ಕಾಕೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವತ್ತೇ ಅವನು ಗಣಿತದ ನೋಟುಪುಸ್ತಕದ ಹಿಂದಿನಿಂದ ಆ ಮಾತನ್ನು ಬರೆದಿಟ್ಟ, ಒಂದು ದಿನ ತಿರುಗಿ ಹೇಳಲು. ಆಮೇಲೆ ಒಂದೊಂದೂ ಬರೆದ. ಅಂಕಪಟ್ಟಿ ತೋರಿಸಿದಾಗ: 'ಇಷ್ಟು ಅಂಕ ತಗೊಳ್ಳಿಕ್ಕೂ ಓದಬೇಕಾಯ್ತೇನು?' ನೌಕರಿ ಬಿಟ್ಟು ಆಟ ಮಾಡುತ್ತೇನೆ ಎಂದಾಗ: 'ಸಣ್ಣವಿದ್ದಾಗ ಆಡ್ತಿದ್ದಿ, ಈಗ ಮಾಡ್ತಿ. ಪ್ರಗತಿ ಅದ.' ಪುಸ್ತಕ ತುಂಬಿತು. ಐದು ವರ್ಷದ ಹಿಂದೆ ಆಯಿ ತೀರಿಕೊಂಡ ಮೇಲೆ ಮಾತ್ರ ಅದರಲ್ಲಿ ಒಂದು ಸಾಲೂ ಬರೆದಿಲ್ಲ. ಆವತ್ತಿನಿಂದ ನಾನಾ ಅವನಿಗೆ ಚುಚ್ಚುವುದನ್ನು ನಿಲ್ಲಿಸಿದ್ದರು. ಭಾನುವಾರ ಹೋದರೆ, 'ಬಂದೀ? ಊಟ ಆಯ್ತೇನು?' ಹೊರಡುವಾಗ, 'ನಿಧಾನ ಹೋಗು.' ಗಿರಾಕಿಗಳಿಗೆ ಮಾತ್ರ ಹಳೆಯ ಹರಿತವೇ ಸಿಗುತ್ತಿತ್ತು, ಪುಕ್ಕಟೆಯಾಗಿ.

'ಇನ್ನೊಂದು ಬಂತು,' ಎಂದಳು ಗೌತಮಿ. 'ಬ್ರೆಜಿಲ್‌ನಾಕಿ. ಮೊದಲು ಬಿದ್ದರೆ ನಗುತ್ತಿದ್ದೆ, ಇವತ್ತು ಬಿದ್ದು ಆಟ ಮುಚ್ಚಿದೆ ಅಂತ. ಅಷ್ಟ ಅದ.' ಅವಳು ಕುರ್ಚಿ ತಿರುಗಿಸಿ ಅವನತ್ತ ನೋಡಿದಳು. 'ಶಾರ್ದ್ಯಾ, ಸಿಟ್ಟಿಗೇಳಬ್ಯಾಡ. ಹಳೇವು ಯಾಕ ತಗದಿ? ಯಾರ ಕೇಳಿದ್ರು?'

'ಒಂದ ನಮೂನಿ ಎಷ್ಟ ದಿನ? ಹೊಸಾದು ಬೇಕು.'

'ಹೊಸಾವು ಹೊಸಾ ಇಲ್ಲ. ಹೊಸಾವು ಸಿಟ್ಟಿನಾಗ ಅದಾವ.'

ಇವತ್ತು ಬೆಳಿಗ್ಗೆ ಅವನು ನೂರ ನಲವತ್ಮೂರನ್ನೂ ತೆಗೆದು ತಾನೇ ಬರೆದ ಎಂಬತ್ತು ಪಾಟಿಗಳನ್ನು ಹಾಕಿದ್ದ. ಕಾರಣವಿತ್ತು. ಸ್ವೀಡನ್ನಿನ ಒಂದು ಕಂಪನಿ ಎರಡನೆಯ ಆಟವನ್ನು ತಾನು ಹೊರತರುತ್ತೇನೆ ಎಂದಿತ್ತು; ಒಂದೇ ಶರತ್ತು, ಪಾಟಿ ಬರೆದವರೇ ಅದಕ್ಕೂ ಬರೆಯಬೇಕು. ಸಂಜೆ ಐದಕ್ಕೆ ಅವರ ಫೋನು. ನೋಟುಪುಸ್ತಕದಲ್ಲಿದ್ದ ಮಾತೆಲ್ಲ ಮೊದಲ ಆಟಕ್ಕೇ ಮುಗಿದಿತ್ತು. ಹಾಗಾದರೆ ತಾನು ಬರೆಯಬಲ್ಲೆನೇ ಇಲ್ಲವೇ, ಐದರೊಳಗೆ ತಿಳಿಯಬೇಕು. ಹೆಸರು ಹೇಳದೆ ಸುಮ್ಮನೆ ಹಾಕುವುದು, ಯಾರಿಗೂ ವ್ಯತ್ಯಾಸ ತಿಳಿಯದಿದ್ದರೆ ಗೆದ್ದಂತೆ. ವ್ಯತ್ಯಾಸ ತಿಳಿಯಲಾರದು ಎಂದು ಅವನಿಗೆ ಒಳಗೇ ನಂಬಿಕೆಯಿತ್ತು. ಅದೇ ವಾಡೆ, ಅದೇ ಮನೆತನ, ಅದೇ ಮೂಗು. ಎಂಬತ್ತರಲ್ಲಿ ಹತ್ತಾದರೂ ನಾನಾನ ಮಾತಿಗಿಂತ ಚೂಪು ಎಂದು ಅವನು ಎರಡು ವಾರ ಸ್ನಾನ ಮಾಡುವಾಗೆಲ್ಲ ತನಗೆ ತಾನೇ ಓದಿ ಹೇಳಿಕೊಂಡಿದ್ದ.

ಹನ್ನೆರಡೂವರೆಗೆ ಅಭಿಪ್ರಾಯಗಳು ನಲವತ್ತು ದಾಟಿದವು. ಚಹಾ ಕುಡಿದು ಬರುತ್ತೇನೆಂದು ಅವನು ಕೆಳಗಿಳಿದ. ಅಮೃತತುಲ್ಯ ಚಹಾದಂಗಡಿಯ ಹಿತ್ತಾಳೆ ಪಾತ್ರೆಯ ಮುಂದೆ ನಿಂತು, ಗ್ಲಾಸು ಬೆರಳು ಸುಡುತ್ತಿದ್ದರೂ ಕೆಳಗಿಡದೆ, ಫೋನು ತೆಗೆದ. ತೆಗೆಯಬಾರದೆಂದೇ ಹೊರಬಂದದ್ದು. ಕೊರಿಯಾದ ಒಬ್ಬ ಬರೆದಿದ್ದ: 'ಮೊದಲಿನವನು ನನ್ನನ್ನು ಬೈಯುತ್ತಿರಲಿಲ್ಲ. ಅವನು ತನ್ನ ಮೆಟ್ಟಿಲನ್ನು ಕಾಯುತ್ತಿದ್ದ. ನಾನು ಅಡ್ಡ ಬಂದಿದ್ದೆ, ಅಷ್ಟೆ. ಈ ಹೊಸಬನಿಗೆ ನಾನು ಬಿದ್ದರೆ ಖುಷಿ.' ಅದರ ಕೆಳಗೆ ಇನ್ನೂರು ಜನ ಹೌದು ಹೌದು ಎಂದಿದ್ದರು. ಚಹಾದ ಮೇಲೆ ಕೆನೆ ಕಟ್ಟಿತು. ಪಕ್ಕದಲ್ಲಿ ಇಬ್ಬರು ಮುದುಕರು ಪಂಚಾಂಗದ ವಿಷಯಕ್ಕೆ ಜಗಳವಾಡುತ್ತಿದ್ದರು, ಒಬ್ಬ ಇನ್ನೊಬ್ಬನಿಗೆ, 'ನಿಮ್ಮ ಮಾತು ಖರೇ ಇರಬಹುದು ಬಾಪಟ, ಆದ್ರ ನೀವು ಹೇಳಿದ ಮ್ಯಾಲೆ ನಂಬಾಕ ಬರೂದಿಲ್ಲ' ಎಂದ. ಶಾರ್ದೂಲನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಊರಿಡೀ ಬಾಯಿ ತೆರೆದರೆ ಉದುರುತ್ತಿತ್ತು, ಅವನೊಬ್ಬನನ್ನು ಬಿಟ್ಟು. ಕೊರಿಯಾದವನು ಹೇಳಿದ್ದು ನಿಜವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಆ ಮನುಷ್ಯನ ಕುತ್ತಿಗೆ ಹಿಸುಕಬೇಕೆನಿಸಿತು. ನಾನಾಗೆ ಯಾರನ್ನೂ ನೋಯಿಸುವ ಉದ್ದೇಶವೇ ಇರಲಿಲ್ಲ, ಒಂಬತ್ತು ವರ್ಷದ ಹುಡುಗನನ್ನೂ. ನೋಯಿಸಲು ಮನಸ್ಸಿಟ್ಟು, ಲೆಕ್ಕ ಹಾಕಿ, ಎಂಬತ್ತು ಸಲ ಬರೆದವನು ತಾನು. ಆದರೂ ಯಾರಿಗೂ ಸರಿಯಾಗಿ ನೋವಾಗಿರಲಿಲ್ಲ. ಬೇಸರವಾಗಿತ್ತು, ಅಷ್ಟೆ.

ಕೋಣೆಗೆ ಹಿಂದಿರುಗಿ ಅವನು ಒಂದು ಹಾಳೆ ಮುಂದಿಟ್ಟುಕೊಂಡು ಕೂತ. ಒಂದು ಬರೆದ, ಹೊಡೆದುಹಾಕಿದ. ಗೌತಮಿ ತಂದ ಸಾಬುದಾಣಿ ಖಿಚಡಿ ತಣ್ಣಗಾಗಿ ಗಟ್ಟಿಯಾಯಿತು. ಮೂರಕ್ಕೆ ಅವಳು, 'ಹಳೇವು ವಾಪಸ್ ಹಾಕಲೇನು?' ಎಂದಳು. ಅವನು ಇನ್ನೊಂದು ಸಾಲು ಹೊಡೆದುಹಾಕಿದ. 'ಶಾರ್ದ್ಯಾ, ಒಂದು ಕೇಳ್ತೀನಿ. ಹಳೇವು ಬರ್ಯೂಮುಂದ ನೀ ಏನ್ ತಿಂತಿದ್ದಿ? ಅದ ತರಿಸೋಣು.' ತಮಾಷೆಗೇ ಅಂದಳು. ಅವಳ ಕಣ್ಣಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ, ಅವನ ಮೇಲೆ ಅವಳಿಗೆ ಪೂರ್ತಿ ನಂಬಿಕೆಯಿತ್ತು, ಅದನ್ನು ನೋಡಲಾರದೆ ಅವನು ಚಪ್ಪಲಿ ಮೆಟ್ಟಿ ಮತ್ತೆ ಇಳಿದ. ದಾರಿಯಲ್ಲಿ ಅವನಿಗೆ ತಾನು ಹೋಗುತ್ತಿರುವುದು ಎಲ್ಲಿಗೆ, ಏಕೆ ಎಂಬುದು ನಿಧಾನವಾಗಿ ತಿಳಿಯಿತು. ಬೈಸಿಕೊಳ್ಳಲು. ನಾನಾನ ಎದುರು ನಿಂತು ಏನಾದರೂ ಎಡವಟ್ಟು ಮಾಡಿ, ಒಂದು ಮಾತು ಬರಿಸಿಕೊಂಡು, ಬರೆದುಕೊಂಡು ಐದರೊಳಗೆ ಹಿಂದಿರುಗುವುದು. ಒಂದು ಬಂದರೆ ಅದರ ಹಿಂದೆ ಇನ್ನೊಂದು ಬರುತ್ತದೆ, ಅಡ್ಡಗಟ್ಟು ಒಡೆದರೆ ಸಾಕು. ಎಡವಟ್ಟು ಯಾವುದೆಂದೂ ಗೊತ್ತಿತ್ತು. ಪೇಠೆಯಲ್ಲಿ ಹುಟ್ಟಿದವರು ಯಾರೂ ಮಾಡದ ತಪ್ಪು.

ಓಣಿ ನಿದ್ದೆ ಮಾಡುತ್ತಿತ್ತು. ಎಲ್ಲ ಶಟರುಗಳೂ ಕೆಳಗಿದ್ದವು. ನಾನಾನ ಶಟರಿನ ಮೇಲೆ ಅವರದೇ ದುಂಡು ಅಕ್ಷರದಲ್ಲಿ: 'ಅಂಗಡಿ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಬಡಿದರೂ ಮುಚ್ಚಿರುತ್ತದೆ.' ಅದರ ಪಕ್ಕ: 'ಪೆನ್ನು ರಿಪೇರಿ ಮಾಡುತ್ತೇವೆ. ಅಕ್ಷರ ನಿಮ್ಮದು.' ಒಳಗೆ ಬೆಂಚಿನ ಮೇಲೆ ಎಡಮಗ್ಗುಲಾಗಿ, ಕನ್ನಡಕ ಹಣೆಯ ಮೇಲೆ ಸರಿಸಿ ಅವರು ಮಲಗಿರುತ್ತಾರೆ. ಮೂರು ನಲವತ್ತು. ಅವನು ಮುಷ್ಟಿ ಕಟ್ಟಿ ಬಡಿದ. ಶಟರು ಓಣಿಗೆಲ್ಲ ಕೇಳುವ ಹಾಗೆ ಗುಡುಗಿತು. ಎದುರು ಮನೆಯ ಪಾರಿವಾಳಗಳು ಎದ್ದವು. ಕಾದ. ಒಳಗೆ ಕೆಮ್ಮಿದ ಸದ್ದು ಕೂಡ ಇಲ್ಲ. ಮತ್ತೆ ಬಡಿದ.

'ಕಾಕಾ, ಓದಾಕ ಬರ್ತದಲ್ಲ ನಿಮಗ?'

ಪಕ್ಕದ ಕಟ್ಟೆಗೆ ಸ್ಕೂಟರು ಒರಗಿಸಿಕೊಂಡು ಒಬ್ಬ ಹುಡುಗಿ ನಿಂತಿದ್ದಳು, ಮುಖಕ್ಕೆ ಓಢಣಿ ಸುತ್ತಿ, ಕಣ್ಣು ಮಾತ್ರ ಹೊರಗೆ. ಅವನಿಗೆ ಮೂವತ್ತನಾಲ್ಕು. ಕಾಕಾ ಎಂದದ್ದು ಬಡಿದ ಕೈಗಿಂತ ಹೆಚ್ಚು ಉರಿಯಿತು.

'ಬರ್ತದ. ತುರ್ತು ಅದ.'

'ತುರ್ತು ಇದ್ದವರು ನಿನ್ನೇನ ಬರಬೇಕಿತ್ತು,' ಎಂದು ಅವಳು ನಕ್ಕು ಓಢಣಿ ಬಿಚ್ಚಿದಳು. ಹತ್ತೊಂಬತ್ತಿರಬಹುದು. 'ನಂದಲ್ಲ ಅದು, ಒಂದು ಗೇಮಿನಾಗ ಬರ್ತದ. ನಿಮಗ ಗೊತ್ತಿರಾಕಿಲ್ಲ.'

'ಇಲ್ಲ,' ಎಂದ ಶಾರ್ದೂಲ.

ಅವಳ ಹೆಸರು ಸಾನಿಕಾ, ಎಂಜಿನಿಯರಿಂಗ್ ಓದುತ್ತಿದ್ದಳು. ನಾಲ್ಕಾಗಲು ಇಪ್ಪತ್ತು ನಿಮಿಷವಿದ್ದುದರಿಂದ, ಮತ್ತು ಕೇಳಲು ಒಬ್ಬ ಕಾಕಾ ಸಿಕ್ಕಿದ್ದರಿಂದ, ಎಲ್ಲ ಹೇಳಿದಳು. ಒಂಬೈನೂರು ಸಲ ಬಿದ್ದಿದ್ದಾಳೆ. ಹಾಸ್ಟೆಲಿನಲ್ಲಿ ಎಲ್ಲರೂ ಪಾಟಿಯಲ್ಲೇ ಮಾತಾಡುತ್ತಾರೆ. ಹೋದ ವಾರ ಗೆಳತಿಯೊಬ್ಬಳು ಪೆನ್ನು ರಿಪೇರಿಗೆಂದು ಇಲ್ಲಿ ಬಂದು, ಗೋಡೆಯ ಮೇಲೆ ನೋಡಿ, ಫೋಟೋ ಕಳಿಸಿದಳು. ಮೂರು ಸಾಲು ಅಕ್ಷರಶಃ ಅವೇ. ಅದಕ್ಕೇ ಇವತ್ತು ತಾನೇ ನೋಡಲು ಬಂದಿದ್ದಾಳೆ. 'ಇವತ್ತು ಮುಂಜಾನೆ ಎಲ್ಲಾ ಕೆಡಿಸಿ ಇಟ್ಟಾರ. ಯಾರೋ ಬ್ಯಾರೆಯವರು ಬರದಾರ. ನಮ್ಮ ವಾರ್ಡನ್ ಬಾಯಿ ಹಂಗ. ಬೈಬೇಕಂತನ ಬೈತಾರ, ಬೈಯಾಕೂ ಬರೂದಿಲ್ಲ.'

ಕೇಳಬಾರದೆಂದುಕೊಂಡ. ಕೇಳಿದ. 'ಮತ್ತ ಆ ಗೇಮಿನಾಗ... ಜಿಗಿಯೂದು ಹೆಂಗದ?'

'ಯಾವ ಜಿಗಿಯೂದು?' ಎಂದಳು ಸಾನಿಕಾ.

ಸರಿಯಾಗಿ ನಾಲ್ಕಕ್ಕೆ ಶಟರು ಮೇಲೆದ್ದಿತು. ನಾನಾ ಮೊದಲು ಹುಡುಗಿಯನ್ನು ನೋಡಿದರು, ಆಮೇಲೆ ಅವನನ್ನು. ಕೆನ್ನೆಯ ಮೇಲೆ ಬೆಂಚಿನ ಹಲಗೆಯ ಗೆರೆ ಮೂಡಿತ್ತು. 'ಯಾರೋ ಬಡದರು.'

'ನಾನ, ನಾನಾ. ಮೂರು ನಲವತ್ತಕ್ಕ. ಎರಡ ಸಲ.' ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಒಂಬತ್ತು ವರ್ಷದವನಿದ್ದಾಗಲೂ ಹೀಗೇ ಹೊಡೆದುಕೊಳ್ಳುತ್ತಿತ್ತು, ಆದರೆ ಆಗ ಮಾತು ಬಾರದಿರಲಿ ಎಂದು.

'ಬಂದೀ? ಕೂಡು,' ಎಂದರು ನಾನಾ. ಸ್ಟೂಲು ಸರಿಸಿದರು. 'ಊಟ ಆಯ್ತೇನು?'

ಹುಡುಗಿಯತ್ತ ತಿರುಗಿ ಕೈ ಚಾಚಿದರು. ಅವಳು ನೆಪಕ್ಕೆ ತಂದಿದ್ದ ಹಸಿರು ಪೆನ್ನನ್ನು ಕೊಟ್ಟು, 'ಬರೀವಲ್ದು ಆಜೋಬಾ' ಎಂದಳು. ನಾನಾ ನಿಬ್ಬನ್ನು ಭೂತಗನ್ನಡಿಯಲ್ಲಿ ನೋಡಿ, ಕಾಗದದ ಮೇಲೆ ಒಂದು ದುಂಡು ಸುತ್ತು ಎಳೆದರು. ಪೆನ್ನು ಬರೆಯಿತು. 'ಇದಕ್ಕೇನೂ ಆಗಿಲ್ಲ. ನೀ ಬರಿಸೂದು ಇದರ ಮನಸ್ಸಿಗೆ ಬಂದಿಲ್ಲ, ಅಷ್ಟ.' ಸಾನಿಕಾ ಖುಷಿಯಿಂದ ಕಿರುಚಿಯೇಬಿಟ್ಟಳು. ಅವಳಿಗೆ, ಅಪರಿಚಿತಳಿಗೆ, ಓಣಿಯಲ್ಲಿ ಸ್ಕೂಟರು ನಿಲ್ಲಿಸಿದ ಹತ್ತೊಂಬತ್ತರ ಹುಡುಗಿಗೆ, ಬಾಗಿಲು ತೆರೆದ ಎರಡನೆಯ ನಿಮಿಷಕ್ಕೆ ಸಿಕ್ಕಿಬಿಟ್ಟಿತು. ತನಗೆ ಐದು ವರ್ಷದಿಂದ ಊಟ ಆಯ್ತೇನು. ಸ್ಟೂಲಿನ ಮೇಲೆ ಕೂತ ಶಾರ್ದೂಲ ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡ, ಮರೆಯದಿರಲೆಂದು. ಹೇಳಿಕೊಳ್ಳುತ್ತಲೇ ಆ ಹುಡುಗಿಯನ್ನು ದ್ವೇಷಿಸಿದ.

ಅವಳು ಫೋನು ತೆಗೆದು ನಾನಾನ ಮುಂದೆ ಹಿಡಿದಿದ್ದಳು. ಗೋದು ಆಜಿ ಮೊದಲ ಮೆಟ್ಟಿಲಿನ ಮೇಲೆ ನಿಂತಿದ್ದಳು, ಬಟ್ಟಲಿನಲ್ಲಿ ಸಾರು ತುಳುಕುತ್ತಿತ್ತು.

'ಈ ಮುದುಕಿ ಎಲ್ಲೆ ಹೊಂಟಾಳ?'

'ಮ್ಯಾಲಿನವರ ಬಟ್ಟಲ ಕೊಡಾಕ. ಚೆಲ್ಲಿ ಖಾಲಿ ಆತಂದ್ರ ಮತ್ತ ತಳದಿಂದ ಹತ್ತಬೇಕು.'

'ಸರಿ ಅದ,' ಎಂದರು ನಾನಾ. ಯಾಕೆ ಎಂದು ಕೇಳದ ಮೊದಲ ಮನುಷ್ಯ. ಅವರ ಮಸಿ ಮೆತ್ತಿದ ಹೆಬ್ಬೆರಳು ತೆರೆಯನ್ನು ಮುಟ್ಟಿತು, ಮುದುಕಿ ಜಿಗಿದಳು, ಬಿದ್ದಳು. ಪಾಟಿ ಮೂಡಿತು. ನಾನಾ ದೂರ ಹಿಡಿದು ಓದಿದರು: 'ನಿಮ್ಮ ಬೆರಳುಗಳು ಬಹುಶಃ ಅಲಂಕಾರಕ್ಕೆ ಮಾತ್ರ ಇರಬೇಕು.' ಓದಿ, ಹಲ್ಲಿಗೆ ಕಲ್ಲು ಸಿಕ್ಕವರಂತೆ ತುಸು ತಡೆದರು. ಶಾರ್ದೂಲ ಗೋಡೆಯ ಕ್ಯಾಲೆಂಡರನ್ನು ನೋಡಿದ.

'ಅಯ್ಯ, ಇದಲ್ಲ ಆಜೋಬಾ, ಇದು ಹೊಸಾದು, ಹೊಲಸು. ಹಳೇದು ನೋಡ್ರಿ, ಫೋಟೋ ತಗದಿಟ್ಟೀನಿ.' ಅವಳು ಬೆರಳಾಡಿಸಿದಳು. 'ಇದು ಎಲ್ಲಾದಕ್ಕಿಂತ ಫೇಮಸ್.'

ನಾನಾ ಓದಿದರು. ಈ ಸಲ ದನಿ ತೆಗೆಯಲಿಲ್ಲ, ತುಟಿ ಮಾತ್ರ ಅಲುಗಿತು. ಮೆಟ್ಟಿಲು, ಆಮಟಿ, ಅನ್ನ. ಓದಿ ಮುಗಿಸಿ ಅವರು ಮಗನ ಮುಖ ನೋಡಲಿಲ್ಲ. ಅವನ ಎಡ ಮೊಣಕಾಲನ್ನು ನೋಡಿದರು. ಪ್ಯಾಂಟಿನ ಒಳಗಿದ್ದ ಆ ಹಳೆಯ ಗಾಯದ ಗುರುತನ್ನು ಬಟ್ಟೆಯ ಮೇಲಿಂದಲೇ ನೋಡುವ ಹಾಗೆ, ಸ್ವಲ್ಪ ಹೊತ್ತು.

'ಇವು ನಿಮ್ಮವ ಹೌದಲ್ಲ? ನಿಮ್ಮ ಗ್ವಾಡಿ ಮ್ಯಾಲೂ ಅದಾವ. ಆ ಗೇಮಿನವ ನಿಮ್ಮವು ಕದ್ದಾನ, ಆಜೋಬಾ.'

ಬೀದಿಯಲ್ಲಿ ಯಾರೋ ಶಟರು ಎತ್ತಿದರು. ಶಾರ್ದೂಲ ಬಾಯಿ ತೆರೆದ. ಹೌದು ಅನ್ನಬಹುದಿತ್ತು, ಆ ಕ್ಷಣದಲ್ಲಿ ಅಂದಿದ್ದರೆ ಸುಲಭವಾಗುತ್ತಿತ್ತೆಂದು ಆಮೇಲೆ ಅವನಿಗೆ ಅನಿಸಿತು.

'ನನ್ನವಲ್ಲ ತಂಗೀ,' ಎಂದರು ನಾನಾ. 'ಇವ ನನ್ನ ಮಗ. ಇವನ ಬರದಾನ. ಸಣ್ಣವಿದ್ದಾಗಿಂದ ಬರಕೋತ ಬಂದಾನ, ಲೆಕ್ಕದ ಪುಸ್ತಕದ ಹಿಂದ.'

ಗೊತ್ತಿತ್ತು. ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು. ಹಾಗಾದರೆ ಪುಸ್ತಕ ತೆರೆದು ನೋಡಿದ್ದರು, ಆದರೂ ಹೇಳುವುದನ್ನು ನಿಲ್ಲಿಸಿರಲಿಲ್ಲ. ಅಥವಾ ಬರೆದುಕೊಳ್ಳಲೆಂದೇ ಹೇಳುತ್ತಿದ್ದರೋ. ಶಾರ್ದೂಲನಿಗೆ ಕಾಲಿನ ಕೆಳಗೆ ಮೆಟ್ಟಿಲು ಓರೆಯಾದಂತಾಯಿತು. ಸಾನಿಕಾ ಅವನತ್ತ ಪೂರ್ತಿ ತಿರುಗಿದ್ದಳು, ಅವಳ ಮುಖದಲ್ಲಿ 'ಕಾಕಾ' ಅಳಿಸಿಹೋಗಿತ್ತು. ನಾಲ್ಕು ವರ್ಷ ಯಾವ ಮುಖಕ್ಕಾಗಿ ಕಾದಿದ್ದನೋ ಅದೇ ಮುಖ. 'ನೀವಾ? ಮತ್ತ ಗೊತ್ತಿಲ್ಲ ಅಂದ್ರಿ! ಪಾಟಿ ಅಜ್ಜ ಅಂದ್ರ ನೀವಾ? ಹಂಗಾದ್ರ ಒಂದು ಹೇಳ್ರಿ ಈಗ. ನನಗ. ಏನರ ಬೈರಿ, ಪ್ಲೀಸ್.'

ಅವಳು ನಗುತ್ತ, ಕೆನ್ನೆ ಮುಂದೆ ಮಾಡಿ ಏಟಿಗೆ ಕಾಯುವವಳಂತೆ ನಿಂತಳು. ಅವನು ಯೋಚಿಸಿದ. ಅವಳ ಸ್ಕೂಟರು, ಓಢಣಿ, ಒಂಬೈನೂರು ಸಲ ಬಿದ್ದದ್ದು. ಎಲ್ಲದರಲ್ಲೂ ಏನೋ ಇತ್ತು, ಹಿಡಿದರೆ ಸಿಗುತ್ತಿತ್ತು. ನಾನಾ ಕೆಲಸ ನಿಲ್ಲಿಸಿ, ಮಸಿಬಟ್ಟೆ ಕೈಯಲ್ಲಿ ಹಿಡಿದು, ಅವರೂ ಕಾಯುತ್ತಿದ್ದರು, ಸರದಿಗೆ ನಿಂತ ಗಿರಾಕಿಯ ಮುಖ ಮಾಡಿಕೊಂಡು. ಅದರಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ಕೇಳಬೇಕೆಂದಿದ್ದರು. ಅರ್ಧ ನಿಮಿಷ ಹೋಯಿತು. ಹುಡುಗಿಯ ನಗು ಮೊದಲು ಗಟ್ಟಿಯಾಯಿತು, ಆಮೇಲೆ ಸಣ್ಣದಾಯಿತು.

'ಇರ್ಲಿ ಬಿಡ್ರಿ ಕಾಕಾ,' ಎಂದಳು ಮೆಲ್ಲಗೆ, 'ಹಿಂಗ ಕೇಳಿದ್ರ ಯಾರಿಗೂ ಬರೂದಿಲ್ಲ.' ಪೆನ್ನು ತೆಗೆದುಕೊಂಡು, ಇಬ್ಬರಿಗೂ ನಮಸ್ಕಾರ ಮಾಡಿ ಹೋದಳು.

ಆಮೇಲಿನ ಮುಕ್ಕಾಲು ಗಂಟೆ ಅವನು ಸ್ಟೂಲು ಬಿಟ್ಟು ಏಳಲಿಲ್ಲ. ಗಿರಾಕಿಗಳು ಬಂದರು, ಹೋದರು. ಒಬ್ಬ ಮೇಷ್ಟರಿಗೆ ನಾನಾ ಏನೋ ಅಂದರು, ಮೇಷ್ಟರು ತಲೆ ಕೆರೆದುಕೊಂಡು ನಕ್ಕರು. ಒಬ್ಬ ವಕೀಲನಿಗೆ ಇನ್ನೇನೋ. ಶಾರ್ದೂಲ ಅವನ್ನು ಕೇಳಿಸಿಕೊಳ್ಳದಿರಲು ನೋಡಿದ, ಎಲ್ಲವೂ ಕೇಳಿಸಿದವು. ಸಾನಿಕಾಳ ಫೋನಿನಲ್ಲಿ ನಾನಾನ ಹೆಬ್ಬೆರಳು ಜಿಗಿತದ ತುದಿಯಲ್ಲಿ ಒಂದು ಕ್ಷಣ ತಡೆದದ್ದು ಅವನಿಗೆ ನೆನಪಾಯಿತು. ಬೆರಳಿಗೆ ತಪ್ಪು ತಿಳಿಯುವ ಆ ಕ್ಷಣ. ನಾನಾಗೆ ತಿಳಿದಿತ್ತು. ಅದರ ಬಗ್ಗೆ ಒಂದು ಮಾತು ಅನ್ನಬಹುದಿತ್ತು. 'ಸರಿ ಅದ' ಎಂದದ್ದು ಬಟ್ಟಲಿಗೆ, ಜಿಗಿತಕ್ಕಲ್ಲ.

ಐದಕ್ಕೆ ಫೋನು ಬಂತು. ಸ್ವೀಡನ್ನಿನ ಹೆಂಗಸು ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ, ಇವತ್ತಿನ ಬದಲಾವಣೆ ನೋಡಿ ನಮ್ಮವರು ಕೊಂಚ ಗಾಬರಿಯಾಗಿದ್ದಾರೆ ಎಂದಳು. ಎರಡನೆಯ ಆಟಕ್ಕೆ ಬರೆಯುವವರು ಮೊದಲಿನವರೇ ತಾನೆ? ಶಾರ್ದೂಲ ಅಂಗಡಿಯ ಬಾಯಲ್ಲಿ ನೇತಾಡುತ್ತಿದ್ದ ಪಾಟಿಯನ್ನು ನೋಡಿದ. ಒಳಗಿನಿಂದ ಅದರ ಬೆನ್ನು ಮಾತ್ರ ಕಾಣುತ್ತಿತ್ತು, ಬರಿ ಹಲಗೆ, ಎರಡು ಮೊಳೆ. 'ಮೊದಲಿನವರೇ,' ಎಂದ. 'ಅಂದರೆ ನಾನೇ. ಇವತ್ತಿನದು ಸುಮ್ಮನೆ ಪರೀಕ್ಷೆಗೆ. ಹಳೆಯದನ್ನು ಹಿಂದಕ್ಕೆ ಹಾಕುತ್ತೇವೆ.' ಸೋಮವಾರ ಕಾಗದ ಕಳಿಸುತ್ತೇನೆಂದು ಅವಳು ಫೋನಿಟ್ಟಳು.

ನಾನಾಗೆ ಇಂಗ್ಲಿಷು ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಅವರು ನೀರಿನ ಬಟ್ಟಲಿನಲ್ಲಿ ನಿಬ್ಬು ತೊಳೆಯುತ್ತಿದ್ದರು, ನೀರು ನೀಲಿಯಾಗುತ್ತಿತ್ತು. ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

'ತಗೊಂಡು ಹೋಗು,' ಎಂದರು. 'ಎಲ್ಲಾ ನಿನಗ. ಬಟ್ಟಲ ಖಾಲಿ ವಾಪಸ್ ತರಬ್ಯಾಡ, ಅಷ್ಟ.'

ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ. ಆಟದ ಮೇಲಿನ ಬಾಗಿಲಿಗೆ ಇದೇ ಪಾಟಿ, ಎಂದು ಮೊದಲು ಬಂತು. ಕೈ ಬಂದು ಬಟ್ಟಲು ತೆಗೆದುಕೊಂಡ ಮೇಲೆ, ಬಾಗಿಲು ಮುಚ್ಚಿದ ಮೇಲೆ, ಇದು. ಎರಡನೆಯದಾಗಿ ಬಂದದ್ದು ಉರಿ: ಇದು ನನ್ನ ಆಟ, ನನ್ನ ಬಟ್ಟಲು, ನನ್ನ ಮುದುಕಿ, ನಾಲ್ಕು ವರ್ಷ ನಾನು ಅವಳ ಜೊತೆ ಮೆಟ್ಟಿಲು ಹತ್ತಿದ್ದೇನೆ, ಒಂದೇ ಸಲ ಬಿದ್ದ ಈ ಮನುಷ್ಯನಿಗೆ ಸಿಕ್ಕಿದ್ದು ನನಗೇಕೆ ಸಿಗಲಿಲ್ಲ. ಮಾತು ಜಾರಿಹೋಗುವ ಮೊದಲು ಹಿಡಿಯಬೇಕಿತ್ತು. ಅವನ ಪೆನ್ನು ಕೋಣೆಯಲ್ಲೇ ಉಳಿದಿತ್ತು. ನಾನಾನ ಮುಂದಿನ ತಟ್ಟೆಯಲ್ಲಿದ್ದ ಪೆನ್ನುಗಳಲ್ಲಿ ಕೈಗೆ ಸಿಕ್ಕ ಒಂದನ್ನು ಎತ್ತಿ, ಮುಚ್ಚಳ ಕಿತ್ತು, ಎಡ ಅಂಗೈಯ ಮೇಲೆ ಒತ್ತಿ ಬರೆದ. ಚರ್ಮದ ಮೇಲೆ ಬಿಳಿಯ ಗೀರು ಮೂಡಿತು. ಇನ್ನಷ್ಟು ಒತ್ತಿದ.

'ಅದು ರಿಪೇರಿಗೆ ಬಂದದ್ದು,' ಎಂದರು ನಾನಾ, ತಲೆಯೆತ್ತದೆ.